ಕರಿಬಸಪ್ಪನವರ ಎಡಗೈ

ಚನ್ನಗಿರಿಯಲ್ಲಿ ನನ್ನ ನಿಜವಾದ ಹೆಸರು ಗೊತ್ತಿದ್ದವರು ಕಡಿಮೆ. ‘ಬಿಪಿ ಅಕ್ಕ’ ಎಂದರೆ ಬಸ್ ಸ್ಟ್ಯಾಂಡಿನ ಆಟೋದವರೂ ಮನೆ ತೋರಿಸುತ್ತಿದ್ದರು. ನಾನು ನರ್ಸ್ ಅಲ್ಲ. ಜಗಳೂರು ನನ್ನ ತವರು. ದಾವಣಗೆರೆಯ ಕಾನ್ವೆಂಟಿನ ಹಾಸ್ಟೆಲಿನಲ್ಲಿದ್ದು ಓದಿದೆ, ಪಿಯುಸಿ ಮುಗಿಯುತ್ತಲೇ ಮದುವೆಯಾಗಿ ಇಲ್ಲಿಗೆ ಬಂದು ಅಡುಗೆಮನೆ ಹಿಡಿದೆ. ಅತ್ತೆಗೆ ಸಕ್ಕರೆ ಕಾಯಿಲೆ. ಅವರನ್ನು ನೋಡಲು ಬರುತ್ತಿದ್ದ ಡಾಕ್ಟರು, ನಾನು ಅತ್ತೆಯ ಕಾಲ್ಬೆರಳ ಸಂದುಗಳನ್ನು ಒರೆಸಿ ಒಣಗಿಸುವುದನ್ನು ಒಂದು ದಿನ ಬಾಗಿಲಲ್ಲೇ ನಿಂತು ನೋಡಿದರು. ಅತ್ತೆ ತೀರಿಕೊಂಡು ಕೆಲವು ತಿಂಗಳಾದ ಮೇಲೆ ಮನೆಗೆ ಬಂದು, ವಯಸ್ಸಾದವರ ಮನೆಗಳಿಗೆ ವಾರಕ್ಕೊಮ್ಮೆ ಹೋಗಿ ಬರಲು ತಮ್ಮ ಕ್ಲಿನಿಕ್ಕಿಗೆ ಒಬ್ಬರು ಬೇಕು, ಬರುತ್ತೀರಾ ಎಂದು ನಮ್ಮ ಯಜಮಾನರ ಎದುರಿಗೇ ಕೇಳಿದರು. ನನ್ನ ಮೊಣಕಾಲು ಬಸ್ಸಿನ ಮೆಟ್ಟಿಲು ಹತ್ತಲು ಒಲ್ಲೆ ಎನ್ನುವ ತನಕ ಆ ಕೆಲಸ ಮಾಡಿದೆ.

ಈಗ ಅದಕ್ಕೆ ಹೊಸ ಹುಡುಗಿಯರು ಸೇರಿದ್ದಾರೆ. ನನಗೆ ಯಾರೂ ಕಲಿಸದಿದ್ದನ್ನೆಲ್ಲ ತರಬೇತಿಯಲ್ಲಿ ಕಲಿತು ಬಂದಿದ್ದಾರೆ. ಆದರೂ ಮೊನ್ನೆ ನಮ್ಮ ಪಡಸಾಲೆಯಲ್ಲಿ ಕೂತು, “ಆಂಟಿ, ಕೆಲಸ ನಿಜವಾಗ್ಲೂ ಹೆಂಗಿರ್ತೈತೆ ಹೇಳ್ರಿ” ಎಂದರು. ಬಾಯಲ್ಲಿ ಹೇಳಲು ಹೋದರೆ ಅರ್ಧಕ್ಕೇ ಎದ್ದು ಅಡುಗೆಮನೆಗೆ ಹೋಗಿಬಿಡುತ್ತೇನೆ. ಹಾಗಾಗಿ ಬರೆಯುತ್ತಿದ್ದೇನೆ.

ಮೊದಲನೆಯದಾಗಿ, ನಿಮ್ಮ ದಾರಿಯನ್ನು ಯಾರೂ ಕಾಯುತ್ತಿರುವುದಿಲ್ಲ. ಮುದುಕರಿಗೆ ನೀವು ಬಂದರೆ ಖುಷಿ, ಆದರೆ ನಿಮ್ಮ ಚೀಲ ಕಂಡರೆ ಆಗದು. ಮನೆಯವರಿಗೆ ನೀವು ಬೇಗ ಹೋದರೆ ಸಾಕು. ಚೀಲ ಬಿಚ್ಚುವ ಮುಂಚೆ ಅವರು ಕೊಟ್ಟ ನೀರು ಕುಡಿಯಿರಿ, ಕುಡಿಯುತ್ತಾ ಸುತ್ತ ನೋಡಿ. ನಮ್ಮ ಕಾನ್ವೆಂಟಿನಲ್ಲಿ ಬೆಳಿಗ್ಗೆ ಸಾಲಿನಲ್ಲಿ ನಿಲ್ಲಿಸಿ ಉಗುರು, ಕಾಲರು, ಕಿವಿಯ ಹಿಂಭಾಗ ನೋಡುವ ಸಿಸ್ಟರ್ ಒಬ್ಬರಿದ್ದರು. ಆಗ ಅವರನ್ನು ಕಂಡರೆ ಕೋಪ ಬರುತ್ತಿತ್ತು. ಆಮೇಲೆ ನೋಡಿದರೆ, ನನ್ನ ಕೈಗೆ ಹತ್ತಿದ ವಿದ್ಯೆ ಅದೊಂದೇ.

ಹೊನ್ನಾಳಿಯಲ್ಲಿ ಒಬ್ಬ ಅಜ್ಜಿ ಇದ್ದಕ್ಕಿದ್ದಂತೆ ಸತ್ತುಹೋದ ತಂಗಿಯ ಜೊತೆ ಮಾತಾಡಲು ಶುರು ಮಾಡಿದರು. ಗಾಳಿ ಸೋಕಿದೆ ಎಂದು ತಾಯತ ಕಟ್ಟಿದ್ದರು. ನಾನು ಹೋದಾಗ ಅವರ ಮಂಚದ ಪಕ್ಕದ ಚೊಂಬಿನ ನೀರಿನ ಮೇಲೆ ಧೂಳು ಕೂತಿತ್ತು, ನಾಲಿಗೆ ಒಣಗಿ ಬಿರುಕು ಬಿಟ್ಟಿತ್ತು. ವಿಷಯ ಇಷ್ಟೇ: ಮನೆಯನ್ನು ಹೊಸದಾಗಿ ಕಟ್ಟಿಸಿ ಬಚ್ಚಲನ್ನು ಅಂಗಳದಾಚೆಗೆ ಹಾಕಿದ್ದರು. ಇಳಿಯಲು ಎತ್ತರದ ಮೆಟ್ಟಿಲು. ಸೊಸೆಯನ್ನು ಪದೇಪದೇ ಕರೆಯಲು ನಾಚಿಕೆಪಟ್ಟು ಅಜ್ಜಿ ನೀರು ಕುಡಿಯುವುದನ್ನೇ ಬಿಟ್ಟಿದ್ದರು. ಮೂತ್ರದ ಸೋಂಕು ತಲೆಗೇರಿತ್ತು. ವಯಸ್ಸಾದವರಲ್ಲಿ ಅದಕ್ಕೆ ಉರಿಯೂ ಇರದಿರಬಹುದು, ಜ್ವರವೂ ಇರದಿರಬಹುದು. ಮಾತು ತಪ್ಪುವುದೇ ಮೊದಲ ಗುರುತಾಗಬಹುದು. ಆ ಸಲ ಔಷಧಿಯಿಂದ ಗುಣವಾದರು. ಮೆಟ್ಟಿಲು ಹಾಗೇ ಇತ್ತು. ಮುಂದಿನ ಬೇಸಿಗೆಯಲ್ಲಿ ಮತ್ತೆ ತಂಗಿಯನ್ನು ಕರೆದರು. ಆ ಸಲ ಉಳಿಯಲಿಲ್ಲ.

ನ್ಯಾಮತಿಯಲ್ಲಿ ಪಾತ್ರೆಗೆ ಕಲಾಯಿ ಹಾಕುತ್ತಿದ್ದ ಸಾಬರೊಬ್ಬರಿದ್ದರು. ನಮಾಜಿಗೆ ಮುಂಚೆ ಕಾಲು ತೊಳೆಯಲು ಚಳಿಗಾಲದಲ್ಲಿ ಸೊಸೆ ಪ್ರೀತಿಯಿಂದ ಬಿಸಿನೀರು ಕಾಯಿಸಿಡುತ್ತಿದ್ದಳು. ಸಕ್ಕರೆ ಕಾಯಿಲೆಯಿಂದ ಅವರ ಪಾದಕ್ಕೆ ಸ್ಪರ್ಶವೇ ಇರಲಿಲ್ಲ. ಚರ್ಮ ಸುಲಿದದ್ದು ಅವರಿಗೆ ತಿಳಿದದ್ದು ನೋವಿನಿಂದಲ್ಲ, ವಾಸನೆಯಿಂದ. “ಜೀವಮಾನ ಎಲ್ಲ ಬೆಂಕಿ ಜೊತಿಗೆ ದೋಸ್ತಿ ಮಾಡ್ದೆ ಬೇಟಿ, ಒಂದಿನ ಮೋಸ ಮಾಡ್ಲಿಲ್ಲ. ಈ ನೀರು ಮಾಡ್ತು ನೋಡು” ಎಂದು ನಕ್ಕರು. ಬೆರಳುಗಳು ಹೋದವು. ಅಂಥವರ ನೀರನ್ನು ಮನೆಯ ಬೇರೊಬ್ಬರು ಮೊಣಕೈ ಅದ್ದಿ ನೋಡಬೇಕು ಎನ್ನುವುದನ್ನು ನಾನು ಆಮೇಲಿನ ಪ್ರತಿ ಮನೆಯಲ್ಲೂ ಹೇಳಿದೆ. ಕೆಲವರು ಕೇಳಿದರು.

ನಾನು ಸೇರಿದಾಗ ಪಾದರಸದ ಬಿಪಿ ಯಂತ್ರ ಇತ್ತು. ಪಟ್ಟಿ ಸುತ್ತಿ, ಮೊಣಕೈ ಸಂದಿನಲ್ಲಿ ಸ್ಟೆತಾಸ್ಕೋಪ್ ಇಟ್ಟು, ಅವರ ತೋಳನ್ನು ನನ್ನ ತೊಡೆಯ ಮೇಲೆ ಹಿಡಿದುಕೊಂಡು ಕೇಳಬೇಕು. ಈಗ ಗುಂಡಿ ಒತ್ತಿದರೆ ಯಂತ್ರವೇ ಅಂಕಿ ತೋರಿಸುತ್ತದೆ. ಅಂಕಿ ಸರಿಯಾಗೇ ಇರುತ್ತದೆ. ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಹಳೆಯ ಯಂತ್ರದಲ್ಲಿ ಒಬ್ಬರ ಕೈಯನ್ನು ಹಿಡಿದು ಸುಮ್ಮನೆ ಕೂರಲೇಬೇಕಿತ್ತು. ಹಿಡಿದ ಕೈ ಬಹಳ ಹೇಳುತ್ತದೆ. ಗುಂಡಿ ಒತ್ತಿದ ಮೇಲೆ ನೀವು ಫೋನು ನೋಡುವುದನ್ನು ನಾನು ಕಂಡಿದ್ದೇನೆ, ಅದಕ್ಕೇ ಹೇಳಿದೆ. ಬೇಜಾರು ಮಾಡಿಕೊಳ್ಳಬೇಡಿ.

ಇನ್ನು ಕರಿಬಸಪ್ಪನವರ ವಿಷಯ. ಬರೆಯಲು ಕೂತದ್ದೇ ಅವರಿಗಾಗಿ.

ಅವರು ಸಂತೇಬೆನ್ನೂರಿನವರು. ವಯಸ್ಸಿನಲ್ಲಿ ಬಟ್ಟೆಯ ಗಂಟು ಕಟ್ಟಿಕೊಂಡು ಸಂತೆ ಸಂತೆ ತಿರುಗಿದವರು. ಅವರ ಮೊಳ ಉದ್ದ ಎಂದು ಹೆಂಗಸರು ಹುಡುಕಿಕೊಂಡು ಬರುತ್ತಿದ್ದರಂತೆ. ನಾನು ಕಂಡಾಗ ವ್ಯಾಪಾರವನ್ನು ಮಗ ಮಂಜಣ್ಣನಿಗೆ ಬಿಟ್ಟುಕೊಟ್ಟಿದ್ದರು. ಮನೆಯಲ್ಲಿ ಹೆಂಡತಿ ಗಂಗಮ್ಮ, ಮಗ, ಸೊಸೆ, ಮೊಮ್ಮಗಳು. ತುಂಬಿದ ಮನೆ. ಬಿಪಿ ಬಹಳ ಇತ್ತು, ಮಾತ್ರೆಗೆ ಹಿಡಿತದಲ್ಲಿತ್ತು. ನಾನು ಗುರುವಾರ ಹೋಗುತ್ತಿದ್ದೆ. “ಬಂದ್ಲು ನೋಡೇ ಪಟ್ಟಿ ಕಟ್ಟಾಕೆ. ಎತ್ತಿಗೆ ಮೂಗುದಾರ, ನನಗೆ ಈ ಲೀಲಮ್ಮನ ಪಟ್ಟಿ” ಎಂದು ಹೆಂಡತಿಯನ್ನು ಕೂಗುತ್ತಿದ್ದರು. “ಮೂಗುದಾರನೂ ತಂದೀನಿ, ಮುಂದಿನ ವಾರ ಹಾಕಾನ” ಎಂದು ನಾನೂ ಅನ್ನುತ್ತಿದ್ದೆ.

ಅವರಿಗೆ ಇಷ್ಟಲಿಂಗ ಪೂಜೆಯಾಗದೆ ಬಾಯಿಗೆ ಹನಿ ನೀರೂ ಇಲ್ಲ. ಸ್ನಾನ ಮಾಡಿ, ಹಣೆಗೆ, ಎದೆಗೆ, ಎರಡು ತೋಳಿಗೆ ವಿಭೂತಿ ಧರಿಸಿ, ಮಣೆಯ ಮೇಲೆ ಕೂತು, ಕೊರಳ ಕರಡಿಗೆಯಿಂದ ಲಿಂಗ ತೆಗೆದು ಎಡ ಅಂಗೈ ಮೇಲೆ ಇಟ್ಟುಕೊಳ್ಳುತ್ತಿದ್ದರು. ಬಲಗೈಯಿಂದ ನೀರು, ವಿಭೂತಿ, ಪತ್ರೆ. ಆಮೇಲೆ ಅಂಗೈಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡುತ್ತಾ ಕೂರುವುದು. ದೇವರ ಕೋಣೆಯ ಬಾಗಿಲು ತೆರೆದೇ ಇರುತ್ತಿತ್ತು. ನಡುವೆ ಬೆಕ್ಕು ಬಂದರೆ ಬೈಯುತ್ತಿದ್ದರು, ಹಾಲಿನವನು ಬಂದರೆ ಲೆಕ್ಕ ಕೇಳುತ್ತಿದ್ದರು. ತಿಂಡಿಯ ಹೊತ್ತಿಗೆ ಎಲ್ಲ ಮುಗಿದು ಮಾತ್ರೆ ನುಂಗುತ್ತಿದ್ದರು.

ಒಂದು ಗುರುವಾರ ಹೋದಾಗ ಬಿಪಿ ಏರಿತ್ತು. ಮುಂದಿನ ಗುರುವಾರ ಇನ್ನೂ ಏರಿತ್ತು. ಮಾತ್ರೆಯ ಹಾಳೆ ತೆಗೆಸಿ ನೋಡಿದರೆ, ಖಾಲಿಯಾಗಿರಬೇಕಾದ ಗುಳಿಗಳಲ್ಲಿ ಮಾತ್ರೆ ಕೂತಿದ್ದವು. ಗಂಗಮ್ಮನ ಮುಖದಲ್ಲಿ ಮಾತ್ರ ಹೆಮ್ಮೆ. ಈಗೀಗ ಪೂಜೆಗೆ ಕೂತರೆ ಊಟದ ಹೊತ್ತಿಗೇ ಏಳುವುದು, ಬಾಗಿಲು ಹಾಕಿ ಅಗುಳಿ ಇಟ್ಟುಕೊಂಡು ಬಿಡುತ್ತಾರೆ, ಯಾರೂ ಉಸಿರೆತ್ತುವ ಹಾಗಿಲ್ಲ ಎಂದರು. ಓಣಿಯವರು ಬಂದು ಹೊಸ್ತಿಲಿಗೆ ಕೈ ಮುಗಿದು ಹೋಗುತ್ತಿದ್ದರಂತೆ. “ಕಡೇಗಾಲಕ್ಕೆ ಅವರಿಗೆ ಶಿವನ ದಯ ಆಗೈತೆ ಲೀಲಕ್ಕ. ಬೆಳಗಿನ ಮಾತ್ರೆ ಹೊತ್ತು ಮೀರಿರ್ತೈತೆ ನೋಡ್ರಿ, ಅದಕ್ಕೆ ಬಿಡ್ತಾರೆ” ಎಂದರು.

ನಾನು ಕರಿಬಸಪ್ಪನವರ ಎದುರು ಕೂತು ಪಟ್ಟಿ ಬಿಚ್ಚಿದೆ. ಅವರ ಎಡತೋಳಿನ ಮೇಲೆ ವಿಭೂತಿಯ ಮೂರು ಗೆರೆ ಯಾವತ್ತಿನಂತೆ ಅಚ್ಚುಕಟ್ಟಾಗಿದ್ದವು. ಬಲತೋಳಿನ ಮೇಲೆ ಗೆರೆ ಇರಲಿಲ್ಲ, ಬೂದಿ ಸವರಿದ ಹಾಗಿತ್ತು. ಎಡತೋಳಿನ ಗೆರೆ ಬಲಗೈ ಎಳೆಯುತ್ತದೆ. ಬಲತೋಳಿನ ಗೆರೆ ಎಳೆಯಬೇಕಾದ್ದು ಎಡಗೈ. ಕಣ್ಣು ಮುಚ್ಚಿ ಎರಡೂ ಕೈ ಮುಂದೆ ಚಾಚಲು ಹೇಳಿದೆ. ಬಲಗೈ ನಿಂತಿತು. ಎಡಗೈ ಮೆಲ್ಲಗೆ ಒಳಕ್ಕೆ ತಿರುಗಿ ಇಳಿಯತೊಡಗಿತು. ಅವರು ಕಣ್ಣು ಬಿಟ್ಟು, ನಾನು ಏನು ನೋಡುತ್ತಿದ್ದೇನೆಂದು ನೋಡಿ, ಹೆಂಡತಿಗೆ ಚಾ ಮಾಡಲು ಹೇಳಿದರು.

“ಯಾವಾಗಿಂದ ಯಜಮಾನ್ರೇ?” ಎಂದು ಕೇಳಿದೆ.

“ಬರ್ತೈತೆ, ಹೋಗ್ತೈತೆ” ಎಂದರು. “ಕೈ ಮರದ ಕೊರಡಿನಂಗೆ ಆಗ್ತೈತೆ. ಒಂದೀಟು ಹೊತ್ತು ಕಾದ್ರೆ ತಾನೇ ಸರಿ ಹೋಗ್ತೈತೆ. ಕೈ ಬರೋ ತನಕ ಕಾಯ್ತಾ ಕೂಡ್ತೀನಿ ಒಳಗೆ. ಇವರು ಧ್ಯಾನ ಅಂತಾರೆ.”

ಆಮೇಲೆ ದನಿ ತಗ್ಗಿಸಿ, “ಒಂದಿನ ಲಿಂಗ ಜಾರ್ತು ಕಣಮ್ಮ. ನೆಲಕ್ಕಲ್ಲ, ತೊಡೆ ಮ್ಯಾಲೆ. ಆದ್ರೂ ಜಾರಿದ್ದು ಜಾರಿದ್ದೇ ಅಲ್ಲೇನು. ಅಂಗೈ ಹಿಡೀಲಿಲ್ಲ ಅಂದ ಮ್ಯಾಲೆ ಇದ್ದೇನು” ಎಂದರು.

ಬರುವ ಸೋಮವಾರ ಮೊಮ್ಮಗಳಿಗೆ ಲಿಂಗದೀಕ್ಷೆ ಇಟ್ಟುಕೊಂಡಿದ್ದರು. ಮಗುವಿನ ಪಕ್ಕದಲ್ಲಿ ಕೂತು, ಅಂಗೈ ಹೇಗೆ ಹಿಡಿಯಬೇಕು, ಕಣ್ಣು ಎಲ್ಲಿಡಬೇಕು ಎಂದು ಹೇಳಿಕೊಡಬೇಕಾದವರು ಇವರು. ಅಷ್ಟಾದ ಮೇಲೆ ಎಲ್ಲಿಗೆ ಬೇಕಾದರೂ ಬರುತ್ತೇನೆ, ಅಲ್ಲಿಯ ತನಕ ಯಾರಿಗೂ ಹೇಳಬ್ಯಾಡ ಎಂದು ಕೇಳಿಕೊಂಡರು.

“ನಾನು ಹೇಳ್ತೀನಿ ಯಜಮಾನ್ರೇ. ನಿಮ್ಮ ಹಿಂದೆ ಅಲ್ಲ, ನಿಮ್ಮ ಎದುರಿಗೇ ಹೇಳ್ತೀನಿ” ಎಂದೆ. ಅವರು ಮುಖ ತಿರುಗಿಸಿಕೊಂಡರು.

ಇಲ್ಲಿ ಒಂದು ಮಾತು. ಕೈಯೋ ಕಾಲೋ ಸೋತು, ಬಾಯಿ ಓರೆಯಾಗಿ, ಅಥವಾ ಮಾತು ತೊದಲಿ, ಸ್ವಲ್ಪ ಹೊತ್ತಿನಲ್ಲಿ ತಾನಾಗಿಯೇ ಸರಿಹೋದರೆ ಎಲ್ಲರಿಗೂ ನಿರಾಳವಾಗುತ್ತದೆ. ನಿಮಗೆ ಆಗಬಾರದು. ಮೆದುಳಿಗೆ ಹೋಗುವ ರಕ್ತ ಒಂದು ಗಳಿಗೆ ನಿಂತು ಮತ್ತೆ ಹರಿದಿದೆ ಎಂದು ಅದರ ಅರ್ಥ. ಬಂದು ಹೋದದ್ದು ದೊಡ್ಡದನ್ನು ಕರೆದುಕೊಂಡು ಬರಬಹುದು, ಅದೂ ಕೆಲವೇ ದಿನಗಳಲ್ಲಿ. ಆವತ್ತೇ ಆಸ್ಪತ್ರೆಗೆ ಹೋಗಬೇಕು.

ನಾನು ಅಲ್ಲಿಂದಲೇ ಡಾಕ್ಟರಿಗೆ ಫೋನು ಮಾಡಿದೆ. ಅವರು ಸಿಡುಕು ಸ್ವಭಾವದವರು. ಮಂಜಣ್ಣನ ಕೈಗೆ ಫೋನು ಕೊಡಿಸಿಕೊಂಡು, ಈಗಲೇ ದಾವಣಗೆರೆಗೆ ಕರೆದುಕೊಂಡು ಹೋಗಿ ತಲೆಯ ಸ್ಕ್ಯಾನ್ ಮಾಡಿಸು, ನಿಮ್ಮಪ್ಪ ಬೇಕೋ ಬೇಡವೋ ಎಂದು ಗದರಿದರು. ಡಾಕ್ಟರು ಹೇಳಿದ್ದು ಸರಿ, ಹೇಳಿದ ಧಾಟಿ ತಪ್ಪಾಯಿತು. ಮಂಜಣ್ಣ ಮೆತ್ತನೆಯ ಮನುಷ್ಯ, ಅಪ್ಪ ಎಂದರೆ ಪ್ರಾಣ. ಮುಖ ಕೆಂಪಾಯಿತು. ಫೋನು ನನ್ನ ಕೈಗೆ ಕೊಟ್ಟು, ಅಪ್ಪನ ಕಡೆ ತಿರುಗಿದ. ಕರಿಬಸಪ್ಪನವರು ಎಡಗೈ ಎತ್ತಿ ಬೆರಳು ಮಡಚಿ ಬಿಡಿಸಿ ತೋರಿಸಿದರು. ಆಗ ಕೈ ನಿಜಕ್ಕೂ ಸರಿಯಾಗಿತ್ತು.

“ಚೆನ್ನಾಗೇ ಐತಲ್ರೀ ಅಕ್ಕ” ಎಂದ ಮಂಜಣ್ಣ. “ಸೋಮವಾರ ಒಂದು ಕಳೀಲಿ. ಮಂಗಳವಾರ ಬೆಳಿಗ್ಗೆ ನಾನೇ ಕಾರು ಮಾಡಿಸ್ಕೊಂಡು ಹೋಗ್ತೀನಿ. ಈಗ ಅಡ್ಮಿಟ್ ಮಾಡ್ಕೊಂಡ್ರೆ ಮಗಳ ಕಾರ್ಯಕ್ಕೆ ಅಪ್ಪನೇ ಇರಲ್ಲ.”

ಕಾರ್ಯವನ್ನು ಮುಂದೆ ಹಾಕಬಹುದು ಎಂದೆ. ಬೀಗರಿಗೆ, ಮಠಕ್ಕೆ ಹೇಳಿಯಾಗಿದೆ ಎಂದರು. ನಾನು ಕೂತೆ, ಮತ್ತೆ ಹೇಳಿದೆ. ಗಂಗಮ್ಮ ತಂದ ಚಾ ಆರಿತು. ಕೊನೆಗೆ ಒಪ್ಪಿಸಲು ಆದದ್ದು ಎರಡೇ ವಿಷಯ. ಎದ್ದ ಕೂಡಲೇ ಪೂಜೆಗೆ ಮುಂಚೆಯೇ ಮಾತ್ರೆ ನುಂಗುವುದು. ಬಾಗಿಲಿಗೆ ಅಗುಳಿ ಹಾಕದಿರುವುದು. ಮೊದಲನೆಯದಕ್ಕೆ ಗಂಗಮ್ಮ ಮನೆಗುರುಗಳಾದ ಅಯ್ಯನವರಿಗೆ ಕೇಳಿ ಕಳಿಸಿದರು. ಔಷಧಕ್ಕೆ ದೋಷವಿಲ್ಲ, ಮೊದಲು ನುಂಗಲಿ ಎಂದು ಅವರು ಹೇಳಿ ಕಳಿಸಿದರು. ಎರಡನೆಯದಕ್ಕೆ ಕರಿಬಸಪ್ಪನವರು ಹೂಂ ಎಂದರು.

ಶನಿವಾರ ನನ್ನ ಸರದಿಯಲ್ಲ. ಮನಸ್ಸು ತಡೆಯದೆ ಬಸ್ಸು ಹತ್ತಿ ಹೋದೆ. ಮನೆ ಮುಂದೆ ಚಪ್ಪರದ ಗಳ ಇಳಿಸಿದ್ದರು. ಒಳಗೆ ಹೆಂಗಸರು ಕರ್ಜಿಕಾಯಿ ಮಾಡುತ್ತಿದ್ದರು, ಪಿಸುಮಾತಿನಲ್ಲಿ. ದೇವರ ಕೋಣೆಯ ಬಾಗಿಲು ಹಾಕಿತ್ತು. ಅಗುಳಿ ಹಾಕಿದ್ದಾರಾ ಎಂದೆ. ಗಂಗಮ್ಮ ಹೌದೆಂದು ತಲೆಯಾಡಿಸಿ, ಬೆರಳನ್ನು ತುಟಿಗೆ ಇಟ್ಟುಕೊಂಡರು. ಮಾತ್ರೆ ಎರಡು ದಿನವೂ ನುಂಗಿದ್ದಾರೆ, ನಾನೇ ನಿಂತು ನೋಡಿದ್ದೇನೆ ಎಂದರು. ಕೋಣೆಗೆ ಹಿತ್ತಿಲ ಕಡೆ ಒಂದು ಕಿಟಕಿಯಿದೆ. ಅಲ್ಲಿಂದ ಆಗಾಗ ಹಣಿಕಿ ನೋಡುತ್ತಿದ್ದರಂತೆ. ಈಗಷ್ಟೇ ನೋಡಿ ಬಂದೆ, ನೆಟ್ಟಗೆ ಕೂತಿದ್ದಾರೆ ಎಂದರು.

“ಕರೆದ್ರಾ?”

“ಕರೆದೆ. ನನ್ನ ಕಡೆಗೇ ಮುಖ ಇತ್ತು. ಹೂಂ ಅಂದ್ರು. ಪೂಜೆ ಕೆಡಿಸಿದೆನಲ್ಲ ಅಂತ ಹೆದರಿ ಬಂದ್ಬಿಟ್ಟೆ.”

ನಾನು ಗೋಡೆಗೆ ಒರಗಿ ಕೂತೆ. ಯಾರೋ ಒಂದು ಲೋಟ ನೀರು ಕೊಟ್ಟರು. ಅದನ್ನು ಕುಡಿಯುತ್ತಾ ನೋಡಿದರೆ, ದೇವರ ಕೋಣೆಯ ಬಾಗಿಲ ಕೆಳಗಿನಿಂದ ನೀರು ಹರಿದು ಬಂದು ಹೊಸ್ತಿಲ ಕುಂಕುಮವನ್ನು ಕರಗಿಸಿತ್ತು. ನೀರಿನ ಅಂಚು ಆಗಲೇ ಒಣಗತೊಡಗಿತ್ತು. ಒಳಗೆ ತಂಬಿಗೆ ಉರುಳಿ ಬಹಳ ಹೊತ್ತಾಗಿದೆ. ಉರುಳಿದ ತಂಬಿಗೆಯನ್ನು ಎತ್ತಿ ನಿಲ್ಲಿಸದೆ ಕೂರುವ ಮನುಷ್ಯ ಅವರಲ್ಲ. ಗಂಗಮ್ಮನ ಮಾತು ಆಗ ನನಗೆ ಮತ್ತೆ ಕೇಳಿಸಿತು: ನನ್ನ ಕಡೆಗೇ ಮುಖ ಇತ್ತು. ಪೂಜೆಗೆ ಕೂತವರ ಮುಖ ಅಂಗೈ ಕಡೆಗೆ ಇರಬೇಕು.

ಹಿತ್ತಿಲಿಗೆ ಓಡಿದೆ. ಕಿಟಕಿ ಅವರ ಬಲಗಡೆಗೆ ಬರುತ್ತಿತ್ತು. ಅವರು ಕಂಬಕ್ಕೆ ಬೆನ್ನು ಕೊಟ್ಟು ನೆಟ್ಟಗೆ ಕೂತಿದ್ದರು. ಎಡ ಅಂಗೈ ಎದೆಯ ಮಟ್ಟದಲ್ಲಿ ಚಾಚಿತ್ತು, ಲಿಂಗ ಅದರ ಮೇಲಿತ್ತು. ತಲೆ ಮಾತ್ರ ಬಲಕ್ಕೆ ತಿರುಗಿತ್ತು, ಕಣ್ಣೂ ಬಲಕ್ಕೇ ನಿಂತಿತ್ತು.

“ಯಜಮಾನ್ರೇ, ಎರಡೂ ಕೈ ಎತ್ತಿ.”

ಬಲಗೈ ಎತ್ತಿದರು. “ಎತ್ತೀನಲ್ಲ” ಎಂದರು. ಮಾತು ಬಾಯಲ್ಲಿ ರೊಟ್ಟಿ ಇಟ್ಟುಕೊಂಡು ಆಡಿದ ಹಾಗಿತ್ತು. “ಪೂಜೆ ನಡೀತೈತೆ. ಹೋಗ್ರಿ.”

ಮಂಜಣ್ಣ ಬಾಗಿಲು ಒದ್ದ. ಒಳಗೆ ಹೋದ ಮೇಲೆ ನಮಗೆ ತಿಳಿಯಿತು. ಬಿಳಿ ಮಾದರಪಾಟು ಬಟ್ಟೆಯನ್ನು ಅಗಲಕ್ಕೆ ಸೀಳಿ, ಒಂದು ಪಟ್ಟಿಯಿಂದ ಎದೆಯನ್ನು ಕಂಬಕ್ಕೆ ಕಟ್ಟಿಕೊಂಡಿದ್ದರು. ಮೇಲೆ ಉಪರಣೆ ಹೊದ್ದಿದ್ದರಿಂದ ಕಿಟಕಿಗೆ ಅದು ಕಾಣುತ್ತಿರಲಿಲ್ಲ. ತೊಡೆಯ ಮೇಲೆ ಸಣ್ಣ ಸ್ಟೂಲು. ಎಡ ಮುಂಗೈಯನ್ನು ಅದಕ್ಕೆ ಬಿಗಿದಿದ್ದರು. ಗಂಟುಗಳು ಸಂತೆಯ ಗಂಟಿನಷ್ಟೇ ಒಪ್ಪವಾಗಿದ್ದವು. ಒಂದು ಕೈ ಮತ್ತು ಹಲ್ಲು, ಇವೆರಡರಿಂದ ಹಾಕಿದ ಗಂಟು. ಲಿಂಗ ಜಾರಬಾರದು, ಸೋಮವಾರ ಮೊಮ್ಮಗಳ ಮುಂದೆ ಜಾರಬಾರದು ಎಂದು ರೂಢಿ ಮಾಡಿಕೊಳ್ಳುತ್ತಿದ್ದರು. ಆ ಪಟ್ಟಿಗಳು ಇರದಿದ್ದರೆ ಪಾರ್ಶ್ವವಾಯು ಬಡಿದ ಗಳಿಗೆಯಲ್ಲೇ ಅವರು ಎಡಕ್ಕೆ ಉರುಳಿ ಬೀಳುತ್ತಿದ್ದರು, ಸದ್ದಾಗುತ್ತಿತ್ತು, ಯಾರಾದರೂ ಬಾಗಿಲು ಒಡೆಯುತ್ತಿದ್ದರು. ಅವರು ಬೀಳಲಿಲ್ಲ. ಮನೆಯವರು ಹೊರಗೆ ಕೈ ಮುಗಿದುಕೊಂಡು ಕಾಯುತ್ತಿದ್ದರು.

ಎಡ ಕೆನ್ನೆ ಜೋತಿತ್ತು. ಕೈ ಊದಿ ನೀಲಿಯಾಗಿತ್ತು. ಗಂಟು ಬಿಚ್ಚಲು ನನ್ನ ಉಗುರಿಗೆ ಬರಲಿಲ್ಲ, ಸೊಸೆ ಈಳಿಗೆ ತಂದಳು. ಗಂಗಮ್ಮ ಲಿಂಗವನ್ನು ಎತ್ತಿ ಕಣ್ಣಿಗೊತ್ತಿ ಕರಡಿಗೆಯಲ್ಲಿಟ್ಟು ಅವರ ಕೊರಳಿಗೆ ಹಾಕಿದರು. ಕರಿಬಸಪ್ಪನವರು ಇದೆಲ್ಲ ಯಾಕೆ ಎನ್ನುವಂತೆ ನಮ್ಮನ್ನು ನೋಡುತ್ತಿದ್ದರು. ನನಗೆ ಏನೂ ಆಗಿಲ್ಲ ಎಂದು ಕಾರಿನಲ್ಲೂ ಹೇಳುತ್ತಾ ಬಂದರು.

ದಾವಣಗೆರೆಯ ಆಸ್ಪತ್ರೆಯಲ್ಲಿ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು ಓಡಿ ಬಂದು ಕೇಳಿದ ಮೊದಲ ಪ್ರಶ್ನೆ, ಇವರು ಕೊನೆಯ ಸಲ ಸರಿಯಾಗಿದ್ದದ್ದನ್ನು ನೋಡಿದವರು ಯಾರು, ಎಷ್ಟು ಹೊತ್ತಿಗೆ ಎಂಬುದು. ಹೆಪ್ಪು ಕರಗಿಸುವ ಇಂಜೆಕ್ಷನ್ ಇದೆ. ಶುರುವಾದ ಕೆಲವೇ ತಾಸಿನೊಳಗೆ ಕೊಡಬೇಕು. ಶುರುವಾದದ್ದು ಯಾವಾಗ ಎಂದು ಗೊತ್ತಿಲ್ಲದಿದ್ದರೆ, ಕೊನೆಯ ಸಲ ಸರಿಯಾಗಿ ಕಂಡ ಹೊತ್ತಿನಿಂದಲೇ ಲೆಕ್ಕ. ಹೊತ್ತು ಮೀರಿದ ಮೇಲೆ ಕೊಟ್ಟರೆ ಮೆದುಳಲ್ಲಿ ರಕ್ತ ಸೋರಿ ಅದೇ ಪ್ರಾಣ ತೆಗೆಯಬಹುದು.

ಎಲ್ಲರೂ ಗಂಗಮ್ಮನ ಕಡೆ ನೋಡಿದೆವು.

“ಮಾತ್ರೆ ಕೊಟ್ಟಾಗ ಚೆನ್ನಾಗಿದ್ರು. ಇನ್ನೂ ಬೆಳಕು ಹರಿದಿರ್ಲಿಲ್ಲ” ಎಂದರು. “ಆಮ್ಯಾಲೆ ಕಿಟಕೀಲಿ ನೋಡ್ದೆ. ಕೂತಿದ್ರು ಸಾರ್. ಎಲ್ಲಾ ಸಲನೂ ಕೂತೇ ಇದ್ರು.”

ಇಂಜೆಕ್ಷನ್ ಕೊಡಲಿಲ್ಲ. ಕೊಡುವ ಹಾಗಿರಲಿಲ್ಲ.

ಕಾರಿಡಾರಿನಲ್ಲಿ ಮಂಜಣ್ಣ ನನ್ನ ಪಕ್ಕ ಬಂದು ನಿಂತ. ಅವನ ಅಂಗಿಗೆ ಕರ್ಜಿಕಾಯಿಯ ಹಿಟ್ಟು ಅಂಟಿತ್ತು. “ಅಕ್ಕ, ಗುರುವಾರ ನೀವು ಇನ್ನೊಂದೀಟು ಜೋರು ಮಾಡಬೇಕಿತ್ರೀ” ಎಂದ. ಸಿಟ್ಟಿನಿಂದಲ್ಲ, ಕೇಳಿಕೊಳ್ಳುವ ಹಾಗೆ. ಹುಡುಗಿಯರೇ, ಈ ಮಾತನ್ನು ನೀವು ಕೇಳುತ್ತೀರಿ. ನೀವು ಹೇಳಿದಾಗ ಕೇಳದವರೇ, ಮೆತ್ತಗೆ ಹೇಳಿದೆಯಲ್ಲ ಎಂದು ನಿಮ್ಮನ್ನು ಕೇಳುತ್ತಾರೆ. ವಾದಕ್ಕೆ ಹೋಗಬೇಡಿ. ಅವರು ಕೇಳುತ್ತಿರುವುದು ನಿಮ್ಮನ್ನಲ್ಲ. ನಾನು ಅವನ ಅಂಗಿಯ ಹಿಟ್ಟು ಒರೆಸಿದೆ, ಅಷ್ಟೇ.

ದೀಕ್ಷೆ ನಿಂತುಹೋಯಿತು. ಚಪ್ಪರದ ಗಳಗಳನ್ನು ವಾಪಸು ಕಳಿಸಿದರು.

ಕೆಲವು ವಾರಗಳ ಮೇಲೆ ಅವರನ್ನು ಮನೆಗೆ ತಂದರು. ಮಾತು ಮುಕ್ಕಾಲು ತಿಳಿಯುತ್ತಿತ್ತು. ಎಡಗೈ, ಎಡಗಾಲು ಹೋಗಿದ್ದವು. ಅದಕ್ಕೆ ನಾವು ಸಿದ್ಧರಾಗಿದ್ದೆವು. ಸಿದ್ಧರಾಗಿರದಿದ್ದದ್ದು ಇನ್ನೊಂದಕ್ಕೆ. ಮೆದುಳಿನ ಬಲಭಾಗ ಕೆಟ್ಟರೆ ಕೆಲವರಿಗೆ ಎಡಗಡೆ ಎನ್ನುವುದೇ ಇಲ್ಲವಾಗುತ್ತದೆ. ಕಣ್ಣು ಸರಿಯಿರುತ್ತದೆ, ಆದರೆ ಎಡಕ್ಕೆ ಲೋಕವಿದೆ ಎಂದು ಮನಸ್ಸಿಗೆ ಹೊಳೆಯುವುದಿಲ್ಲ. ತಟ್ಟೆಯ ಬಲಗಡೆಯ ಅನ್ನ ಉಂಡು, ಎಡಗಡೆಯ ಪಲ್ಯ ಹಾಗೇ ಇರುವಾಗ ಪಲ್ಯ ಬಡಿಸಲಿಲ್ಲ ಎಂದು ಸೊಸೆಯ ಮೇಲೆ ರೇಗುತ್ತಿದ್ದರು. ಎಡಗಡೆಯಿಂದ ಬಂದು ಮಾತಾಡಿಸಿದ ಮೊಮ್ಮಗಳನ್ನು ಬಲಗಡೆ ಹುಡುಕುತ್ತಿದ್ದರು. ಅಂಥವರನ್ನು ಮಾತಾಡಿಸುವಾಗ ಮೊದಲು ಬಲಗಡೆ ನಿಲ್ಲಿ, ತಟ್ಟೆಯನ್ನು ತಿರುಗಿಸಿ ಕೊಡಿ. ಇದನ್ನು ನಿಮಗೆ ತರಬೇತಿಯಲ್ಲಿ ಹೇಳಿರಬಹುದು. ನಮಗೆ ಡಾಕ್ಟರು ಹೇಳಿದ್ದು ಇದೆಲ್ಲ ಕಂಡ ಮೇಲೆ.

ಮನೆಗೆ ಬಂದ ಮೊದಲ ಗುರುವಾರ ಅವರನ್ನು ದಿಂಬಿಗೆ ಒರಗಿಸಿ ಪೂಜೆಗೆ ಕೂರಿಸಿದ್ದರು. ನಾನು ಒಳಗೆ ಹೋದಾಗ ಮಂಜಣ್ಣ ಕರಡಿಗೆಯಿಂದ ಲಿಂಗ ತೆಗೆದು, ಪದ್ಧತಿಯಂತೆ ಅವರ ಎಡ ಅಂಗೈ ಬಿಡಿಸಿ ಅದರ ಮೇಲೆ ಇಟ್ಟ. ಅವರು ಬಲಗೈಯಿಂದ ತಮ್ಮ ಎದೆ ತಡವಿಕೊಂಡರು, ಖಾಲಿ ಕರಡಿಗೆ ತಡವಿದರು, ಹಾಸಿಗೆ ತಡವಿದರು.

“ಲಿಂಗ ಎಲ್ಲಿ?” ಎಂದರು.

“ಕೈಯಾಗೆ ಐತಲ್ಲಪ್ಪ.”

ಬಲ ಅಂಗೈ ಬಿಡಿಸಿ ನೋಡಿಕೊಂಡರು. ಬರಿದಾಗಿತ್ತು. “ಇಲ್ಲ” ಎಂದರು. ಮಂಜಣ್ಣ ಅವರ ತಲೆಯನ್ನು ಮೆಲ್ಲಗೆ ಎಡಕ್ಕೆ ತಿರುಗಿಸಲು ನೋಡಿದ. ಕೊರಳು ಮರದ ಹಾಗೆ ಬಲಕ್ಕೇ ಬಂತು. “ಜಾರಿಬಿಡ್ತು. ನಾನು ಬಿಟ್ಟುಬಿಟ್ಟೆ” ಎಂದು ಅಳತೊಡಗಿದರು. ಒಂದೇ ಕೆನ್ನೆ ಅಳುತ್ತಿತ್ತು, ಇನ್ನೊಂದು ಕೆನ್ನೆಯ ಮೇಲೆ ಬರೀ ನೀರು ಇಳಿಯುತ್ತಿತ್ತು. ಆ ಅಂಗೈ ಮೇಲೆ ಲಿಂಗ ಕದಲದೆ ಕೂತಿತ್ತು.

ಮಂಜಣ್ಣ ಎದ್ದು ಹೊರಗೆ ಹೋದ. ಪೂಜೆಯಿಲ್ಲ ಎಂದರೆ ಕರಿಬಸಪ್ಪನವರಿಗೆ ಅನ್ನವಿಲ್ಲ, ಮಾತ್ರೆಯಿಲ್ಲ. ಮುಂಚೆಯೇ ನುಂಗಲಿ ಎಂದ ಅಯ್ಯನವರ ಮಾತು ಅವರಿಗೆ ಈಗ ನೆನಪಿರಲಿಲ್ಲ, ನೆನಪಿಸಿದರೆ ಒಪ್ಪುತ್ತಿರಲಿಲ್ಲ. ಬಾಯಿ ಬಿಗಿದುಕೊಂಡು ಕೂತರು.

ಗಂಗಮ್ಮ ಇಷ್ಟು ಹೊತ್ತು ಎಡಗಡೆ ಕೂತಿದ್ದರು. ಎದ್ದು, ಮಂಚ ಸುತ್ತಿ, ಬಲಗಡೆ ಬಂದು ಕೂತರು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು. ಗಂಡನ ಎಡಗೈಯ ಕೆಳಗೆ ತಮ್ಮ ಎರಡೂ ಕೈ ಕೊಟ್ಟು, ಲಿಂಗ ಅಲ್ಲಾಡದಂತೆ, ಎದೆಯ ಮೇಲಿಂದ ಇಷ್ಟಿಷ್ಟೇ ಸರಿಸುತ್ತಾ ಬಲಗಡೆಗೆ ತಂದು ಹಿಡಿದರು. ಸೋತ ಕೈ ಬಹಳ ಭಾರ ಇರುತ್ತದೆ. ಅವರ ಬಳೆಗಳು ಸಣ್ಣಗೆ ಸದ್ದು ಮಾಡುತ್ತಿದ್ದವು.

ಕರಿಬಸಪ್ಪನವರ ಕಣ್ಣಿಗೆ ಲಿಂಗ ಕಂಡಿತು. ಅಳು ನಿಂತಿತು. ಬಹಳ ಹೊತ್ತು ಅದನ್ನೇ ನೋಡಿದರು. ಆಮೇಲೆ ಅದರ ಕೆಳಗಿನ ಅಂಗೈ ನೋಡಿದರು.

“ಇದು ಯಾರ ಕೈ?” ಎಂದರು.

ನಾನು ಬಾಯಿ ತೆರೆದೆ. ಅವರದೇ ಕೈ ಎಂದು ಹೇಳಿ ಹೇಳಿ ರೂಢಿ ಮಾಡಿಸಬೇಕು ಎಂದು ಆಸ್ಪತ್ರೆಯಲ್ಲಿ ಹೇಳಿ ಕಳಿಸಿದ್ದರು. ಗಂಗಮ್ಮ ನನ್ನ ಕಡೆ ನೋಡಲಿಲ್ಲ.

“ನಂದ್ರೀ” ಎಂದರು.

“ನಿಂದಾ” ಎಂದು ಅವರು ಇನ್ನೊಮ್ಮೆ ನೋಡಿದರು. “ಬಿಗಿಯಾಗಿ ಹಿಡ್ಕ. ಬೀಳಿಸಬ್ಯಾಡ.”

“ಇಲ್ಲ, ಬೀಳಿಸಲ್ಲ.”

ಅವರು ಬಲಗೈಯಿಂದ ಚಮಚದಲ್ಲಿ ನೀರು ತೆಗೆದು, ಆ ಕೈಯ ಮೇಲಿನ ಲಿಂಗಕ್ಕೆ ಎರೆದರು.